ಅಕ್ಕ ಕಳಿಸದ ಹೂಜಿ ಗಿಡ

ಮಾರ್ಚ್ ನಾಲ್ಕು, ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ನಿವೃತ್ತ ಟೀಚರೊಬ್ಬರು ರಟ್ಟಿನ ಪೆಟ್ಟಿಗೆಯನ್ನು ಎದೆಗವಚಿಕೊಂಡು ಠಾಣೆಗೆ ಬಂದರು. ಹೆಡ್ ಕಾನ್‌ಸ್ಟೇಬಲ್ ಕುರ್ಚಿಯ ಮೇಲಿದ್ದ ಫೈಲುಗಳನ್ನು ಎತ್ತಿ ಅವರನ್ನು ಕೂರಿಸಿದರು, ಕೇಳದೆಯೇ ನೀರು ತಂದಿಟ್ಟರು. ಪೆಟ್ಟಿಗೆಯೊಳಗೆ ಇದ್ದದ್ದು ಆನ್‌ಲೈನ್‌ನಲ್ಲಿ ತರಿಸಿದ ಹೂಜಿ ಗಿಡ. ಎಲೆಯನ್ನೇ ಹೂಜಿ ಮಾಡಿಕೊಂಡು ಹುಳು ಹಿಡಿದು ತಿನ್ನುವ ಜಾತಿ.

"ದುಡ್ಡು ವಾಪಸ್ ಕೊಡಿಸಬೇಕಾ?" ಇನ್ಸ್‌ಪೆಕ್ಟರ್ ಕೇಳಿದರು.

"ಬೇಡ. ಇದು ಅಕ್ಕ ಕಳಿಸಿದ್ದಲ್ಲ. ಅಕ್ಕನಿಗೆ ಏನೋ ಆಗಿದೆ."

ಅಕ್ಕ ಎಂದರೆ ಗಿಡ ಮಾರುವಾಕೆ. ಕೊಳ್ಳುವವರೆಲ್ಲ ಕರೆಯುವುದೇ ಹಾಗೆ. ಟೀಚರು ಆಕೆಯ ಮುಖ ನೋಡಿಲ್ಲ, ದನಿ ಕೇಳಿಲ್ಲ. ಆರು ವರ್ಷದಿಂದ ಮೆಸೇಜಿನಲ್ಲೇ ಒಡನಾಟ. ಅಕ್ಕನ ಹಳೆಯ ಗಿಡಗಳು ಚಿಕ್ಕವು, ಒಂದೇ ಅಳತೆಯವು, ಮಚ್ಚೆಯಿಲ್ಲದವು. ಇದರ ಹೂಜಿಗಳಲ್ಲಿ ಒಂದು ಹರಿದಿತ್ತು, ಒಂದನ್ನು ಯಾವುದೋ ಹುಳು ಕೊರೆದಿತ್ತು. ಬೇರನ್ನು ಚಾಕುವಿನಿಂದ ಕಡಿದಿದ್ದರು. ಬುಡದ ಕಪ್ಪು ಕೆಸರಿನಲ್ಲಿ ಕಾಡುಹುಲ್ಲು ಮೊಳೆತಿತ್ತು. ಜೊತೆಗಿದ್ದ ಚೀಟಿ ಮಾತ್ರ ಎಂದಿನದೇ: ಮನೆಯಲ್ಲಿ ಬೀಜ ಬಿತ್ತಿ ಬೆಳೆಸಿದ್ದು, ವಯಸ್ಸು ನಾಲ್ಕು ವರ್ಷ.

ಗಿಡಕ್ಕಾಗಿ ಠಾಣೆ ಹತ್ತುವವರನ್ನು ಇನ್ಸ್‌ಪೆಕ್ಟರ್ ತಮ್ಮ ಸರ್ವಿಸಿನಲ್ಲೇ ಕಂಡಿರಲಿಲ್ಲ. ಆದರೂ ಟೀಚರು ಕುರ್ಚಿಯಿಂದ ಏಳುವಂತೆ ಕಾಣದ್ದರಿಂದ ಪೆಟ್ಟಿಗೆಯನ್ನು ಸಸ್ಯೋದ್ಯಾನಕ್ಕೆ ಕಳಿಸಿದರು.

ಮರುದಿನ ಮೂರು ಗಂಟೆಗೆ ಅಲ್ಲಿನ ಸಸ್ಯತಜ್ಞೆ ಗಡ್ಡೆಯಂಥ ಬುಡವನ್ನು ತೊಳೆದು ತೋರಿಸಿದಳು. ಎಲೆ ಉದುರಿದ ಗುರುತುಗಳು ಒತ್ತೊತ್ತಾಗಿ ಸಾಲುಗಟ್ಟಿದ್ದವು. ಇಪ್ಪತ್ತು ವರ್ಷಕ್ಕೆ ಕಡಿಮೆ ಇಲ್ಲ ಎಂದಳು. ಇಷ್ಟು ವಯಸ್ಸಾದ ಗಿಡ ಉಳಿದಿರುವುದು ಗುಡ್ಡದ ಮೇಲಿನ ಸಂರಕ್ಷಿತ ಜವುಗಿನಲ್ಲಿ ಮಾತ್ರ. ಅಂದೇ ಸಂಜೆ ಎಫ್‌ಐಆರ್ ದಾಖಲಾಯಿತು.

ಇನ್ಸ್‌ಪೆಕ್ಟರ್ ಗಿರಾಕಿಯಂತೆ ಅಕ್ಕನ ಆನ್‌ಲೈನ್ ಅಂಗಡಿಗೆ ಮೆಸೇಜು ಬರೆದರು: ಅಕ್ಕಾ, ನಿಮ್ಮ ಹೂಜಿ ಗಿಡ ಕಾಡಿಂದ ಕಿತ್ತಿದ್ದೋ, ಬೆಳೆಸಿದ್ದೋ?

ಎರಡೇ ನಿಮಿಷಕ್ಕೆ ಉತ್ತರ ಬಂತು. ‘ಕೈಯಾರೆ ಬೆಳೆಸಿದ್ದು ಕಣಪ್ಪಾ. ಊಟ ಆಯ್ತಾ? ಹೊತ್ತು ಮೀರಿಸಬೇಡ.’

ಅವರು ಅಂದು ಊಟ ಮಾಡಿರಲಿಲ್ಲ. ಯಾರೋ ಬೆನ್ನ ಹಿಂದೆ ನಿಂತು ನೋಡಿದಂತಾಯಿತು.

ಪಾರ್ಸೆಲ್ ಕಚೇರಿಯಲ್ಲಿ ಅಕ್ಕನ ವಿಳಾಸ ಸಿಕ್ಕಿತು. ಬುಧವಾರ ಹೆಡ್ ಕಾನ್‌ಸ್ಟೇಬಲ್ ಜನನ-ಮರಣ ನೋಂದಣಿಯ ಪ್ರತಿ ತಂದು ಮೇಜಿನ ಮೇಲಿಟ್ಟರು. ಅಕ್ಕ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಹೃದಯಾಘಾತ, ಆಸ್ಪತ್ರೆಯಲ್ಲಿ.

"ಸತ್ತೋರು ನಿಮ್ಮನ್ನ ಊಟ ಆಯ್ತಾ ಅಂತ ವಿಚಾರಿಸಿದ್ದಾರೆ ಸಾರ್," ಎಂದರು. "ನನ್ನ ಹೆಂಡತಿ ಬದುಕಿದ್ದೂ ವಿಚಾರಿಸಲ್ಲ."

ಇಬ್ಬರಿಗೂ ನಗು ಬರಲಿಲ್ಲ.

ಗುರುವಾರ ಹತ್ತೂವರೆಗೆ ಪಂಚರೊಂದಿಗೆ ಆ ಮನೆಗೆ ಹೋದರು. ಬಾಗಿಲು ತೆಗೆದದ್ದು ಅಕ್ಕನ ಗಂಡ, ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡಿದ್ದ ಮುದಿ ದರ್ಜಿ. ಹಿಂದಿನ ಗಾಜಿನ ಕೋಣೆಯಲ್ಲಿ ಸಾಲು ಸಾಲು ತಟ್ಟೆಗಳು. ಪ್ರತಿ ತಟ್ಟೆಗೂ ಹೆಣ್ಣಿನ ದುಂಡು ಅಕ್ಷರದಲ್ಲಿ ಬಿತ್ತಿದ ದಿನಾಂಕ. ತಟ್ಟೆಯಲ್ಲಿದ್ದದ್ದು ಒಣಗಿ ಮುರುಟಿದ ಕಂದು ಕಡ್ಡಿಗಳು. ಮಣ್ಣಿನ ಮೇಲೆ ಉಪ್ಪಿನಂಥ ಬಿಳಿ ಪೊರೆ. ಕೊಠಡಿ ಗುಡಿಸಿ ಒರೆಸಿ ಇಟ್ಟಂತಿತ್ತು. ಮೂಲೆಯ ಟಬ್ಬಿನಲ್ಲಿ ಗುಡ್ಡದ ಕೆಸರು ಮೆತ್ತಿದ ಮೂವತ್ತೊಂದು ಗಿಡಗಳಿದ್ದವು.

"ಇವೆಲ್ಲ ಹೇಗೆ ಸತ್ತವು?"

"ಅವಳು ಹೋದ ಮೇಲೆ ಸೊರಗಿದ ಹಾಗೆ ಕಂಡವು. ಗೊಬ್ಬರ ಹಾಕಿದೆ."

ಬಡ ಮಣ್ಣಿನಲ್ಲಿ ಹುಳು ಹಿಡಿದು ಬದುಕುವ ಗಿಡಕ್ಕೆ ಗೊಬ್ಬರವೇ ವಿಷ. ಬೇರು ಸುಟ್ಟುಹೋಗುತ್ತದೆ. ಅದು ಆತನಿಗೆ ಗೊತ್ತಿರಲಿಲ್ಲ. ಅವಳು ಹೇಳಲು ಇರಲಿಲ್ಲ.

"ಮೆಸೇಜು ಯಾರು ಬರೀತಿದ್ದದ್ದು?"

"ನಾನೇ. ಅವಳ ಹಳೇದು ನೋಡ್ಕೊಂಡು ಬರೀತಿದ್ದೆ. ಆಮೇಲೆ ನೋಡೋದೂ ಬೇಕಾಗಲಿಲ್ಲ."

ಹನ್ನೆರಡೂ ಇಪ್ಪತ್ತಕ್ಕೆ ಪಂಚನಾಮೆ ಮುಗಿಸಿ ದಸ್ತಗಿರಿ ಮಾಡಿದರು. ಹೆಡ್ ಕಾನ್‌ಸ್ಟೇಬಲ್ ಆತನ ಚಪ್ಪಲಿ ಹುಡುಕಿ ಕಾಲ ಬಳಿ ಇಟ್ಟರು. ಠಾಣೆಯಲ್ಲಿ ಆತ ಎಲ್ಲವನ್ನೂ ಒಪ್ಪಿಕೊಂಡ. ಒಂಬತ್ತು ಸಲ ಜವುಗಿಗೆ ಹೋಗಿ ನೂರ ನಲವತ್ತರ ಮೇಲೆ ಗಿಡ ಕಿತ್ತಿದ್ದ. ದಿನಕ್ಕೆ ಇಪ್ಪತ್ತು ಜನ ಅಕ್ಕಾ ಎಂದು ಕರೆಯುತ್ತಿದ್ದರಂತೆ. ಗಿಡ ಇಲ್ಲ ಎಂದು ಬರೆದರೆ ಕರೆಯುವುದು ನಿಂತುಹೋಗುತ್ತದೆ. ಅದೊಂದು ಆತನಿಂದ ಆಗಲಿಲ್ಲ. ಇನ್ಸ್‌ಪೆಕ್ಟರ್ ಅದನ್ನು ಹೇಳಿದಂತೆಯೇ ಬರೆದುಕೊಂಡರು.

ನಾಲ್ಕು ಗಂಟೆಗೆ ಟೀಚರಿಗೆ ಫೋನ್ ಮಾಡಿ ಅಕ್ಕ ಇಲ್ಲವೆಂಬುದನ್ನೂ ಉಳಿದದ್ದನ್ನೂ ತಿಳಿಸಿದರು.

"ನವೆಂಬರಿನಲ್ಲಿ ನನಗೆ ಆಪರೇಷನ್ ಆಯ್ತು," ಎಂದರು ಟೀಚರು. "ಹದಿನೈದು ದಿನ ಬೆಳಿಗ್ಗೆ ಸಂಜೆ ಅಕ್ಕ ಬರೀತಿದ್ದಳು. ಗುಳಿಗೆ ತಗೊಂಡ್ಯಾ, ನಿದ್ದೆ ಬಂತಾ, ಅಂತ."

"ಅದನ್ನ ಬರೀತಿದ್ದದ್ದೂ ಅವರ ಗಂಡನೇಮ್ಮಾ."

ದೂರು ಹಿಂತೆಗೆದುಕೊಳ್ಳುವುದಿಲ್ಲ, ಆ ಜವುಗು ಮತ್ತೆ ಮೊದಲಿನಂತಾಗುವಷ್ಟು ಕಾಲ ತಾವು ಬದುಕಿರುವುದಿಲ್ಲ ಎಂದರು ಟೀಚರು. ದನಿ ಗಟ್ಟಿಯಾಗಿತ್ತು. ಇನ್ಸ್‌ಪೆಕ್ಟರ್ ಸರಿ ಎಂದು ಫೋನ್ ಇಡಲು ಹೋದರು.

"ಒಂದ್ನಿಮಿಷ," ಎಂದರು ಟೀಚರು. "ಜಾಮೀನು ನಿಲ್ಲೋಕೆ ಅವರಿಗೆ ಯಾರಾದ್ರೂ ಇದ್ದಾರಾ? ಇಲ್ದಿದ್ರೆ ನಾನು ಯಾವ ಕಾಗದ ತರಬೇಕು, ಹೇಳಿ."