ಓಟ್ಸ್ ಕುಕೀಸ್‌ನ ಎರಡನೇ ಟ್ರೇ

ಒವನ್ ಕೈಕೊಟ್ಟ ಕೂಡಲೇ ಅಕ್ಕ ಅವಳನ್ನು ಒಂದು ಮಾತೂ ಕೇಳದೆ ಅವನಿಗೇ ಫೋನ್ ಮಾಡಿದ್ದಳು. ಬಾಗಿಲು ತೆಗೆದವಳು ಎದುರಿಗೆ ಅವನನ್ನು ಕಂಡು, ಬೆಣ್ಣೆ ಮೆತ್ತಿದ ಕೈಯನ್ನು ಒರೆಸಿಕೊಳ್ಳುವುದನ್ನೂ ಮರೆತಳು.

ಅವಳು ಆಸ್ಪತ್ರೆಯ ಅಡುಗೆಮನೆಯಲ್ಲಿ ಕುಕ್. ಅವನು ಅಲ್ಲಿನ ಮೆಕ್ಯಾನಿಕ್. ಎರಡು ವರ್ಷದ ಸ್ನೇಹ. ಮೂರು ವಾರದ ಹಿಂದೆ, ಪಾತ್ರೆ ತೊಳೆಯುವ ಮೆಷಿನ್ ಪಕ್ಕ ಕೂತು ಅವನು ಬೋಲ್ಟ್ ಬಿಗಿಯುತ್ತಿದ್ದಾಗ, ಇದ್ದಬದ್ದ ಧೈರ್ಯವನ್ನೆಲ್ಲ ಒಟ್ಟುಗೂಡಿಸಿ ಕೇಳಿದ್ದಳು: "ನನ್ನ ಮದುವೆ ಆಗ್ತೀಯಾ?"

ಅವನು ತಲೆ ಕೂಡ ಎತ್ತಲಿಲ್ಲ. ಟೂಲ್‌ಬಾಕ್ಸ್ ಎತ್ತಿಕೊಂಡು ಹೊರಟೇ ಹೋದ.

ಅವತ್ತಿನಿಂದ ಮಾತು ಬಿಟ್ಟಳು. ಬೇರೆ ಊರಿನಲ್ಲಿ ಕೆಲಸ ಒಪ್ಪಿಕೊಂಡಳು. ಸೋಮವಾರ ಪ್ರಯಾಣ. ಜೊತೆಗಾರರಿಗೆ ಹಂಚಿ ಹೋಗೋಣವೆಂದು ಈ ಕುಕೀಸ್.

"ಕಾಫಿಪುಡಿ ಮುಗಿದಿದೆ," ಎಂದು ಅಕ್ಕ ಮೆಲ್ಲಗೆ ಜಾಗ ಖಾಲಿ ಮಾಡಿದಳು. ಡಬ್ಬಿಯ ತುಂಬ ಪುಡಿಯಿತ್ತು.

ಅವನು ಥರ್ಮೋಸ್ಟಾಟ್ ಬದಲಾಯಿಸಿದ. "ಒಂದು ಟ್ರೇ ಇಟ್ಟು ನೋಡ್ಬೇಕು."

"ಹನ್ನೆರಡು ನಿಮಿಷ ಬೇಕು."

"ಕಾಯ್ತೀನಿ."

ಅವಳು ಓಟ್ಸ್ ಹಿಟ್ಟಿಗೆ ಖರ್ಜೂರ, ಚಾಕೊಲೇಟ್ ಚೂರು ಸೇರಿಸಿ ಜೋರಾಗಿಯೇ ಕಲಸಿದಳು. ಅವನ ಬೆರಳು ಒಣದ್ರಾಕ್ಷಿಯ ಬಟ್ಟಲತ್ತ ಹೋಯಿತು.

"ಕದೀಬೇಡ."

"ಅಬ್ಬ, ಬೈಯೋಕಾದ್ರೂ ಮಾತಾಡಿದೆಯಲ್ಲ!"

ಅವಳು ಟ್ರೇಯನ್ನು ಒವನ್‌ಗೆ ತಳ್ಳಿದಳು. ಮೊದಲ ಟ್ರೇ ಒಂದು ಕಡೆ ಕರಕಲಾಗಿ ಬಂತು. ಅವನು ಸ್ಕ್ರೂ ಒಂದೆಳೆ ತಿರುಗಿಸಿದ. ಎರಡನೇ ಟ್ರೇ ಒಳಗೆ ಹೋಯಿತು. ಮತ್ತೆ ಹನ್ನೆರಡು ನಿಮಿಷ.

"ನಾನೇನು ತಪ್ಪು ಮಾಡ್ದೆ, ಅದನ್ನಾದ್ರೂ ಹೇಳಿ ಹೋಗು."

ಅವಳು ಬೆನ್ನು ತಿರುಗಿಸಿ ಪಾತ್ರೆ ತೊಳೆಯತೊಡಗಿದಳು. ಎಕ್ಸಾಸ್ಟ್ ಫ್ಯಾನ್ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ಅವನ ನೋಟ ಬೆನ್ನ ಮೇಲೇ ಇದೆಯೆಂದು ನೋಡದೆಯೂ ಗೊತ್ತಾಗುತ್ತಿತ್ತು.

ಕುಕೀಸ್ ಹೊಂಬಣ್ಣಕ್ಕೆ ತಿರುಗಿದವು. ಟ್ರೇ ಹೊರತೆಗೆದು, ಫ್ಯೂಸ್ ನೋಡುತ್ತಿದ್ದ ಅವನ ಎಡಗಡೆ ಕಟ್ಟೆಯ ಮೇಲಿಟ್ಟು, "ಟ್ರೇ ಬಿಸಿ ಇದೆ, ಮುಟ್ಬೇಡ," ಎಂದಳು.

ಅವನು ತಿರುಗುತ್ತ, ಆಸರೆಗೆಂದು ಅಂಗೈಯನ್ನು ನೇರ ಅದರ ಮೇಲೇ ಊರಿಬಿಟ್ಟ.

"ಅಯ್ಯೋ!" ಅವಳು ಅವನ ಕೈಯನ್ನು ಎಳೆದು ನಲ್ಲಿಯ ಕೆಳಗೆ ಹಿಡಿದಳು. "ಮುಟ್ಬೇಡ ಅಂದ್ನಲ್ಲ! ಕಿವಿ ಕೇಳಲ್ವಾ ನಿಂಗೆ?"

ಅವನ ಮುಖ ಬಿಳಿಚಿಕೊಂಡಿತು. ಅದು ಬರೀ ಉರಿಗಲ್ಲ ಎಂದು ಅವಳಿಗೆ ಆ ಕ್ಷಣವೇ ತಿಳಿಯಿತು.

"ಎಡಗಿವಿ ಕೇಳಲ್ಲ. ಆರು ವರ್ಷ ಆಯ್ತು," ಅವನೆಂದ. "ಗೊತ್ತಾದ್ರೆ ಕೆಲ್ಸದಿಂದ ತೆಗೀತಾರೇನೋ ಅಂತ ಯಾರ ಹತ್ರಾನೂ ಬಾಯಿ ಬಿಟ್ಟಿಲ್ಲ."

ಜೊತೆಗೆ ನಡೆಯುವಾಗಲೆಲ್ಲ ಅವನು ಸುತ್ತಿ ಬಂದು ಅವಳನ್ನು ತನ್ನ ಬಲಗಡೆಗೇ ಮಾಡಿಕೊಳ್ಳುತ್ತಿದ್ದುದು ಅವಳಿಗೆ ನೆನಪಾಯಿತು. ಅವತ್ತು ಗಡಗಡಿಸುತ್ತಿದ್ದ ಮೆಷಿನ್ ಅವನ ಬಲಕ್ಕಿತ್ತು. ತಾನು ನಿಂತಿದ್ದದ್ದು ಅವನ ಎಡಕ್ಕೆ. ಸ್ಟೂಲಿನ ಮೇಲೆ ಕುಸಿದಳು.

"ಅವತ್ತು ಮೆಷಿನ್ ಹತ್ರ ನಾನಂದದ್ದು ನಿಂಗೆ ಕೇಳಿಸ್ಲೇ ಇಲ್ವಾ? ಮೂರು ವಾರ ದಿಂಬು ಒದ್ದೆ ಮಾಡ್ಕೊಂಡಿದೀನಿ ಕಣೋ!"

"ಏನು ಹೇಳಿದ್ದೆ ನೀನು?"

"ಹೇಳಲ್ಲ. ಒಂದ್ಸಲ ಕೇಳಿದ್ದೇ ಜಾಸ್ತಿ ಆಯ್ತು. ಈಗ ನಿನ್ನ ಸರದಿ."

ಅವನು ಅವಳ ಕೆಂಪೇರಿದ ಮುಖವನ್ನೇ ನೋಡಿದ. ನೋಡುತ್ತ ನೋಡುತ್ತ ಅರ್ಥವಾಯಿತು. ನಲ್ಲಿ ಸುರಿಯುತ್ತಲೇ ಇತ್ತು.

"ಒಂದೇ ಕಿವಿಯವನನ್ನ ಯಾರು ಒಪ್ತಾರೆ ಅಂತ ನಾನೇ ಹೆದರ್ಕೊಂಡು ಸುಮ್ನಿದ್ದೆ," ಎಂದ. "ನನ್ನ ಮದುವೆ ಆಗ್ತೀಯಾ?"

"ಸೋಮವಾರ ಹೋಗೋದಂತೂ ಗ್ಯಾರಂಟಿ. ಮಾತು ಕೊಟ್ಟಿದೀನಿ."

"ಆ ಊರಲ್ಲಿ ಮೆಷಿನ್ ಕೆಡೋದೇ ಇಲ್ವಾ? ಬರ್ತೀನಿ."

"ಮೊದಲು ಆಫೀಸಲ್ಲಿ ನಿಜ ಹೇಳು. ಅಲಾರಂ ಕೇಳದೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ನಾಳೆನೇ ಹೇಳ್ತೀನಿ." ನಲ್ಲಿ ನಿಲ್ಲಿಸಿ ಕೇಳಿದ, "ಉತ್ತರ?"

ಅವಳು ಎದ್ದು ಅವನ ಬಲಕ್ಕೆ ಬಂದಳು. ಕಿವಿಯ ಹತ್ತಿರ, ತೀರ ಹತ್ತಿರ ಬಗ್ಗಿ, "ಹೂಂ," ಎಂದಳು.

"ಕೇಳಿಸ್ಲಿಲ್ಲ."

"ಸುಳ್ಳುಬುರುಕ."

"ಹೌದು, ಸುಳ್ಳೇ. ಇನ್ನೊಂದ್ಸಲ ಹೇಳು."

ಅವಳು ಹೇಳಿದಳು.