ಬಾಣಂತಿಯನ್ನು ನೋಡಲು ಯಾರೂ ಬರಲಿಲ್ಲ

ಹೆರಿಗೆ ವಾರ್ಡಿನ ಎರಡನೇ ಮಹಡಿಯ ಕಿಟಕಿಯಿಂದ ನೆವೆನಾ ಕೆಳಗೆ ನೋಡಿದಳು. ವಾರ್ಡಿನೊಳಗೆ ಬಿಡದ್ದರಿಂದ ಹಿಮದಲ್ಲಿ ನಿಂತ ಗಂಡಸರೆಲ್ಲ ತಮ್ಮ ತಮ್ಮ ಹೆಂಡತಿಯರತ್ತ ಕೈಬೀಸಿ ಕೂಗುತ್ತಿದ್ದರು. ಅವಳ ಗಂಡ ಗಾವ್ರಿಲೊ ಮಾತ್ರ ತಲೆ ತಗ್ಗಿಸಿ ನಿಂತಿದ್ದ.

ನರ್ಸ್ ಮಗುವನ್ನು ಗಾಜಿನ ಹತ್ತಿರ ಎತ್ತಿ ಹಿಡಿದಳು. ಅವನು ನೋಡಿದ. ಮಗುವನ್ನಷ್ಟೇ. ಹೆಂಡತಿಯ ಮುಖದ ಕಡೆ ಕಣ್ಣು ಹಾಯಿಸಲಿಲ್ಲ...

'ಇವನಿಗೆ ಗೊತ್ತಾಗಿಬಿಟ್ಟಿದೆ,' ಅಂದುಕೊಂಡಳು ನೆವೆನಾ.

ಅವಳು ಮುಚ್ಚಿಟ್ಟದ್ದು ಒಂದಿತ್ತು. ಬಸುರಿಯಾದ ಹೊಸದರಲ್ಲಿ ಅತ್ತೆ ರಾದೋಯ್ಕಾ, "ನೀನು ಆ ಪಂಪು ಎಳೆದಾಗಲೆಲ್ಲ ಮದ್ದು ಮಗೂಗೂ ಹೋಗುತ್ತೆ ಕಣಮ್ಮ. ನಾವೇನು ಔಷಧಿ ತಗೊಂಡು ಹೆತ್ವಾ?" ಅಂದಿದ್ದಳು. ಅತ್ತೆ ಕೆಟ್ಟವಳಲ್ಲ, ಹೆದರಿದವಳು. ಹೆದರಿಕೆಯೂ ನೆಗಡಿಯ ಹಾಗೆ, ಪಕ್ಕದವರಿಗೆ ಅಂಟುತ್ತದೆ. ನೆವೆನಾ ಆಸ್ತಮಾದ ಇನ್‌ಹೇಲರನ್ನು ಯಾರಿಗೂ ಹೇಳದೆ ನಿಲ್ಲಿಸಿದಳು.

ಎಂಟನೇ ತಿಂಗಳಲ್ಲಿ, ಊರಿನ ಒಲೆಗಳ ಕಲ್ಲಿದ್ದಲ ಹೊಗೆಯೆಲ್ಲ ಅಂಗಳಕ್ಕೆ ಇಳಿದಿದ್ದ ಒಂದು ಬೆಳಿಗ್ಗೆ, ಅಡುಗೆಮನೆಯಲ್ಲಿ ಉಸಿರು ಸಿಕ್ಕಿಹಾಕಿಕೊಂಡು ಕುಸಿದಳು. ತುಟಿ ನೀಲಿಯಾಗಿತ್ತು. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗುವನ್ನು ತೆಗೆದರು.

"ಔಷಧಿಗಿಂತ ನಿನಗೆ ಉಸಿರಿಲ್ಲದೇ ಹೋಗೋದೇ ಮಗೂಗೆ ಅಪಾಯ," ಎಂದರು ಡಾಕ್ಟರಮ್ಮ. "ಹಾಲು ಕುಡಿಸೋವಾಗಲೂ ತಗೋ. ಹೊಗೆಯಿಂದ ದೂರ ಇರು."

ಮನೆಗೆ ಬಂದ ಮೇಲೂ ಗಾವ್ರಿಲೊ ಹತ್ತಿರ ಸುಳಿಯಲಿಲ್ಲ. ಕಲ್ಲಿದ್ದಲ ಒಲೆ ಆರಿಸಿ ಕರೆಂಟಿನ ಹೀಟರ್ ತಂದಿಟ್ಟ. ಸಾರಿನ ಬಟ್ಟಲನ್ನು ಹೊಸ್ತಿಲ ಮೇಲಿಟ್ಟು ಹೊರಟುಬಿಡುತ್ತಿದ್ದ. ನೆವೆನಾ ಕೆಮ್ಮಿದಾಗಲೆಲ್ಲ ಹೊಲಿಗೆಗಳನ್ನು ಯಾರೋ ಬೆರಳಿನಿಂದ ಜಗ್ಗಿದಂತಾಗುತ್ತಿತ್ತು.

ಅದಕ್ಕಿಂತ ಹೆಚ್ಚು ನೋಯಿಸಿದ್ದು ಖಾಲಿ ಅಂಗಳ. ಆ ಸೀಮೆಯಲ್ಲಿ ಮಗು ಹುಟ್ಟಿದರೆ ಇಡೀ ಊರು ಬರುತ್ತದೆ. ಗಂಡಸರು ಬಾಣಂತಿಯ ಕೋಣೆಯಲ್ಲೇ ಕೂತು ಕುಡಿದು, ಸೇದಿ, ಹಾಡಿ ಹೋಗುತ್ತಾರೆ. ಈ ಮನೆಗೆ ಒಂದು ನರಪಿಳ್ಳೆಯೂ ಬರಲಿಲ್ಲ.

"ಯಾಕತ್ತೆ, ಯಾರೂ ಬರ್ತಿಲ್ಲ?"

ರಾದೋಯ್ಕಾ ಮುಖ ತಿರುಗಿಸಿದಳು. "ಚಳಿ ಅಲ್ವೇನಮ್ಮ..."

'ಮಗೂನ ಕೊಲ್ಲೋಕೆ ಹೊರಟವಳು ಅಂತ ಊರಿಗೆಲ್ಲ ಹೇಳಿದ್ದಾನೆ...' ನೆವೆನಾ ದಿಂಬಿಗೆ ಮುಖ ಒತ್ತಿದಳು. ಅತ್ತರೆ ಎದೆ ಸುಯ್ಯೆನ್ನುತ್ತದೆ ಎಂದು ಅಳುವನ್ನೂ ನುಂಗಿದಳು.

ಒಂದು ಮಧ್ಯಾಹ್ನ ಗೇಟಿನ ಬಳಿ ಮಾತು ಕೇಳಿಸಿತು. ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಬಾಗಿಲವರೆಗೆ ಬಂದಳು. ಗಾವ್ರಿಲೊ ಗೇಟಿಗೆ ಅಡ್ಡ ನಿಂತಿದ್ದ, ಆಚೆ ಒಬ್ರೆನ್ ನಿಂತಿದ್ದ. ನೆವೆನಾಳ ಮದುವೆಗೆ ಸಾಕ್ಷಿ ನಿಂತವನು, ಮಗುವಿಗೆ ಹೆಸರಿಡಬೇಕಾದವನು. ಅಂಥವನನ್ನು ಅಲ್ಲಿ 'ಕುಮ' ಅನ್ನುತ್ತಾರೆ. ಒಡಹುಟ್ಟಿದವನನ್ನು ಬೇಕಾದರೆ ಹೊರಗೆ ನಿಲ್ಲಿಸಬಹುದು, ಕುಮನನ್ನು ನಿಲ್ಲಿಸುವಂತಿಲ್ಲ. ಅವನ ಹೆಗಲ ಮೇಲೆ ಕುರಿಯ ತೊಡೆ, ಬಾಯಲ್ಲಿ ಸಿಗರೇಟು.

"ಆರಿಸು, ಕುಮ," ಎಂದ ಗಾವ್ರಿಲೊ.

"ಆರಿಸ್ದೆ. ಸರಿನಾ?"

"ಕೋಟೂ ನಾರುತ್ತೆ. ಒಳಗೆ ಬಿಡಲ್ಲ."

"ತಲೆ ಕೆಟ್ಟಿದೆಯೇನೋ ನಿಂಗೆ? ಊರವರನ್ನೆಲ್ಲ ಗೇಟಿಂದಲೇ ಓಡಿಸ್ದೆ ಅಂತ ಕೇಳ್ದೆ. ನನ್ನನ್ನೂನಾ?"

"ನಿನ್ನನ್ನೂ."

"ನಿಮ್ಮಪ್ಪ ಇದ್ದಿದ್ರೆ ಕೆನ್ನೆಗೆ ಬಾರಿಸ್ತಿದ್ದ."

"ಬಾರಿಸ್ಲಿ. ಅವಳು ಉಸಿರಾಡ್ಲಿ."

"ಹಾಗಾದ್ರೆ ನಿಂಗೆ ಕುಮ ಬೇಡ, ಹೆಂಡ್ತಿ ಒಬ್ಬಳೇ ಸಾಕು."

"ಸಾಕು."

ಒಬ್ರೆನ್ ಉಗಿದು, ಕುರಿಯ ತೊಡೆಯ ಸಮೇತ ಹೊರಟುಹೋದ. ತಿರುಗಿದ ಗಾವ್ರಿಲೊನಿಗೆ ಬಾಗಿಲಲ್ಲಿ ನೆವೆನಾ ಕಂಡಳು.

"ಒಳಗೆ ಹೋಗು, ಚಳಿ," ಎಂದ, ನೆಲ ನೋಡುತ್ತ.

"ಮೊದಲು ನನ್ನ ಮುಖ ನೋಡು. ಪಂಪು ಬಿಟ್ಟಿದ್ದೆ, ಗಾವ್ರಿಲೊ. ತಿಂಗಳುಗಟ್ಟಲೆ. ನಿನಗೆ ಹೇಳಲಿಲ್ಲ."

"ಗೊತ್ತು. ಡಾಕ್ಟರಮ್ಮ ಹೇಳಿದ್ರು."

"ಅದಕ್ಕೇ ನನ್ನ ನೋಡೋಕಾಗ್ತಿಲ್ವಾ?"

"ಹುಚ್ಚಿ... ಅಡುಗೆಮನೇಲಿ ಕೂತು ದಿನಾ ಸೇದ್ತಿದ್ದೋನು ಯಾರು? ಬಾಗಿಲು ಚೂರು ತೆರೆದಿಟ್ರೆ ಹೊಗೆ ಹೊರಗೆ ಹೋಗುತ್ತೆ ಅಂದ್ಕೊಂಡಿದ್ದೆ. ನಿನ್ನ ತುಟಿ ನೀಲಿಯಾಗಿದ್ದು ನೋಡಿ ನಾನೇ ಕೊಂದೆ ಅಂತ... ಅವತ್ತೇ ಸಿಗರೇಟು ಬಿಟ್ಟೆ. ಆದ್ರೂ ಹತ್ತಿರ ಬರೋಕೆ ಭಯ. ಮೈಯಲ್ಲಿ ಇನ್ನೂ ಹೊಗೆ ಇದೆಯೇನೋ ಅಂತ."

ಒಳಗಿನಿಂದ ರಾದೋಯ್ಕಾಳ ಸಣ್ಣ ದನಿ ಬಂತು. "ತಪ್ಪು ನನ್ನ ನಾಲಿಗೇದು ಕಣೋ. ಅವಳದ್ದಲ್ಲ."

ನೆವೆನಾ ಮೆಟ್ಟಿಲಿಳಿದು ಅವನ ಕೊರಳಿಗೆ ಮೂಗು ತಾಗಿಸಿದಳು. ಹೆದರುತ್ತಲೇ ಉಸಿರೆಳೆದಳು. ಎದೆ ಬಿಗಿಯಲಿಲ್ಲ.

"ಬರೀ ಸೋಪಿನ ವಾಸನೆ," ಎಂದಳು. "ಆದ್ರೆ ಈಗ ಮಗೂಗೆ ಹೆಸರಿಡೋರು ಯಾರು?"

"ಸಿಗರೇಟು ಸೇದದ ಕುಮನನ್ನ ಹುಡುಕ್ತೀನಿ."

"ಈ ಊರಲ್ಲಾ?"

ತಡೆಯಲಾರದೆ ನಕ್ಕುಬಿಟ್ಟಳು. ಹೊಲಿಗೆ ಚುರುಕ್ಕೆಂದಾಗ ಬಾಗಿದಳು. ಗಾಬರಿಯಲ್ಲಿ ಅವನ ಅಂಗೈ ಅವಳ ಗಾಯದ ಮೇಲೆ, ಬಟ್ಟೆಯ ಮೇಲಿಂದಲೇ, ಮೆಲ್ಲಗೆ ಊರಿತು.

"ನಗಬೇಡ ಮಾರಾಯ್ತಿ."

"ನಗಿಸ್ಬೇಡ ಹಾಗಾದ್ರೆ... ಕೈ ತೆಗೀಬೇಡ."

"ತೆಗೆಯಲ್ಲ."