ಪರ್ಸಿನಲ್ಲಿದ್ದ ಗುರುತು

"ಬಿಡ್ರಿ ಅದರ ಕಿವಿ!"

ರೋಜಾ ಕೂಗಿದ ರಭಸಕ್ಕೆ ರೊಪ್ಪದೊಳಗಿನ ಕುರಿಗಳೆಲ್ಲ ಒಟ್ಟಿಗೆ ತಲೆಯೆತ್ತಿದವು. ಟಗರಿನ ಕಿವಿ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ ಆ ಯುವಕ ಮಾತ್ರ ತಲೆಯೆತ್ತಲಿಲ್ಲ. ಕೈಯಲ್ಲಿದ್ದ ಇಕ್ಕಳವನ್ನು ಒಮ್ಮೆ ಒತ್ತಿದ, ಅಷ್ಟೆ. ಟಗರಿನ ಕಿವಿಯಲ್ಲಿ ಸರ್ಕಾರದ ಹಳದಿ ಓಲೆ ಕೂತಾಗಿತ್ತು.

ಟಗರು ಸುಮ್ಮನಿರುತ್ತದೆಯೇ? ಎಗರಿ ಬಂದು ಅಡ್ಡ ನಿಂತಿದ್ದ ರೋಜಾಳ ಮೊಣಕೈಗೆ ಗುಮ್ಮಿತು. ಅವಳ ಕೈಯಲ್ಲಿದ್ದ ಫೋನು ಹಾರಿ ಕುರಿ ಕುಡಿಯುವ ನೀರಿನ ತೊಟ್ಟಿಗೆ ಬಿದ್ದು ಮುಳುಗಿತು.

ಈಗ ಅವನು ತಲೆಯೆತ್ತಿದ. ಅಂಗಿಯ ತೋಳನ್ನೂ ಮಡಚದೆ ತೊಟ್ಟಿಗೆ ಕೈ ಹಾಕಿ ಫೋನು ತೆಗೆದು, ತನ್ನ ಅಂಗಿಯಲ್ಲೇ ಒರೆಸಿ ಅವಳ ಮುಂದೆ ಹಿಡಿದ. ಕಣ್ಣಲ್ಲಿ ನಗು ತಡೆದುಕೊಂಡಿದ್ದ.

"ನಾನು ನರ್ಸು. ದಿನಾ ಮನುಷ್ಯರಿಗೆ ಚುಚ್ಚೋಳು. ಹಿಂಗೆ ನೋಯ್ಸಿ ಚುಚ್ಚಲ್ಲ," ಎಂದಳು ರೋಜಾ, ಮೂಗಿನ ತುದಿಯಲ್ಲೇ ಸಿಟ್ಟು.

"ನೋಯ್ಸಕ್ಕೆ ಹಾಕದಲ್ರಿ ಇದು. ತಪ್ಪಿಸ್ಕಂಡು ಯಾರ್ದಾನ ಮಂದೆಗೆ ಸೇರ್ಕಂಡ್ರೆ, ಈ ನಂಬರ್ ನೋಡಿ ಮನೆಗೆ ತಂದು ಬಿಡ್ತಾರೆ."

ಅಷ್ಟು ಹೇಳಿ ಅವನು ಮುಂದಿನ ಕುರಿಗೆ ಹೋದ. ಅದನ್ನು ಹಿಡಿಯುವ ಮುಂಚೆ ಅದರ ಕಿವಿಯನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಉಜ್ಜಿದ್ದನ್ನು ರೋಜಾ ನೋಡಿದಳು. ಮಗುವಿಗೆ ಚುಚ್ಚುವ ಮುಂಚೆ ತಾನೂ ಹಾಗೇ ಉಜ್ಜುತ್ತೇನಲ್ಲ... ಸಿಟ್ಟು ಎಲ್ಲಿಗೋ ಹೋಯಿತು. ಆದರೆ ಅದನ್ನು ಒಪ್ಪಿಕೊಳ್ಳುವ ಹುಡುಗಿ ಅವಳಲ್ಲ. ಬಿರಬಿರನೆ ಮನೆಯೊಳಗೆ ನಡೆದಳು.

ರೋಜಾ ಕುವೈತಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಚಿತ್ರದುರ್ಗದಲ್ಲಿ ನರ್ಸಿಂಗ್ ಓದಿ, ಅಲ್ಲಿಗೆ ಹೋಗಿ, ಈಗ ರಜೆಗೆಂದು ಹೊಳಲ್ಕೆರೆ ಕಡೆಯ ಬಿ.ದುರ್ಗದ ಹತ್ತಿರದ ತನ್ನೂರಿಗೆ ಬಂದಿದ್ದಳು. ಅಪ್ಪ ರಂಗಪ್ಪನಿಗೆ ಕುರಿಯೇ ಜೀವ. ತಾಯಿಯಿಲ್ಲದ ಅವಳನ್ನು ಎತ್ತಿ ಆಡಿಸಿ ಬೆಳೆಸಿದವಳು ಅಜ್ಜಿ ಈರಕ್ಕ. ಕುರಿಗಳಿಗೆ ಓಲೆ ಹಾಕಲು ಬಂದವನ ಹೆಸರು ಓಬಳೇಶ್. ಹಿರಿಯೂರು ಕಡೆಯ ಕುರಿಗಾರರ ಮನೆಯ ಹುಡುಗ, ಹೊಳಲ್ಕೆರೆಯಲ್ಲಿ ಪಶು ಆಸ್ಪತ್ರೆಯ ಕೆಲಸ.

ಮುಳುಗಿದ ಫೋನನ್ನು ರಿಪೇರಿ ಮಾಡಿಸಿಕೊಡುತ್ತೇನೆಂದು ಓಬಳೇಶ್ ಒಯ್ದ. ಅಂಗಡಿಯವನು ಇದರ ಕತೆ ಮುಗಿಯಿತು ಎಂದನಂತೆ. ಅದನ್ನು ಹೇಳಲು ಒಂದು ದಿನ ಬಂದ. ಸಿಮ್ ವಾಪಸ್ ಕೊಡಲು ಇನ್ನೊಂದು ದಿನ ಬಂದ. ಅವಳು ಹೊಸ ಫೋನು ಕೊಂಡಳೋ ಇಲ್ಲವೋ ಎಂದು ವಿಚಾರಿಸಲು ಮತ್ತೊಂದು ದಿನ! ಫೋನು ಸತ್ತಿದ್ದು ಒಂದೇ ಸಲ, ಅದರ ತಿಥಿ ಮಾತ್ರ ಮೂರು ಸಲ ನಡೆಯಿತು. ಈರಕ್ಕ ಬೊಚ್ಚು ಬಾಯಲ್ಲಿ ನಗುತ್ತಾ ಪ್ರತಿ ಸಲವೂ ಕಾಫಿ ಕಾಸಿದಳು.

ಅವನು ಬಂದ ದಿನ ರೋಜಾ ಎರಡು ಸಲ ತಲೆ ಬಾಚುತ್ತಿದ್ದಳು. ಬಾರದ ದಿನ ಬೈಕಿನ ಸದ್ದು ಕೇಳಿದಾಗಲೆಲ್ಲ ಬಾಗಿಲಿಗೆ ಬರುತ್ತಿದ್ದಳು.

'ಇದೇನಾಯಿತು ನನಗೆ... ನಾನು ವಾಪಸ್ ಹೋಗಬೇಕಾದವಳು' ಎಂದು ತನಗೆ ತಾನೇ ಬುದ್ಧಿ ಹೇಳಿಕೊಳ್ಳುತ್ತಿದ್ದಳು. ಬುದ್ಧಿ ಕೇಳಿಸಿಕೊಂಡಿತು. ಮನಸ್ಸು ಕೇಳಲಿಲ್ಲ.

ಒಂದು ಸಂಜೆ ಕಟ್ಟೆಯ ಮೇಲೆ ಎಲ್ಲರೂ ಕೂತಿದ್ದಾಗ ಅವಳ ಪರ್ಸಿನಿಂದ ಒಂದು ಕಾರ್ಡು ಜಾರಿ ಬಿತ್ತು. ಓಬಳೇಶ್ ಎತ್ತಿಕೊಂಡ. ಅವಳ ಫೋಟೋ, ಪಕ್ಕದಲ್ಲಿ ಅರಬ್ಬಿ ಅಕ್ಷರ, ಉದ್ದನೆಯ ನಂಬರು. ಇದೇನೆಂದು ಕೇಳಿದ.

ಕೇಳಬಾರದಿತ್ತು! ಆ ಕಾರ್ಡಿನ ವಿಷಯ ತೆಗೆದರೆ ರೋಜಾಳ ಬಾಯಿಗೆ ಬಿಡುವೇ ಇಲ್ಲ. ಅದು ಸಿವಿಲ್ ಐಡಿ, ಹೊರದೇಶದಿಂದ ಬಂದು ಅಲ್ಲಿ ಬದುಕುವವರಿಗೆ ಆ ದೇಶವೇ ಕೊಡುವ ಕಾರ್ಡು ಎಂದಳು. ಅದೊಂದಿದ್ದರೆ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಬಹುದು, ಬ್ಯಾಂಕಿನಲ್ಲಿ ಖಾತೆ ತೆರೆಯಬಹುದು, ಮನೆ ಬಾಡಿಗೆಗೆ ಹಿಡಿಯಬಹುದು. ದಾರಿಯಲ್ಲಿ ಪೊಲೀಸರು ನಿಲ್ಲಿಸಿದರೆ ಎದೆ ಢವಗುಟ್ಟುವುದಿಲ್ಲ, ತೆಗೆದು ತೋರಿಸಿ ಮುಂದೆ ಹೋಗುತ್ತಿರಬಹುದು. ವಿಮಾನ ಹತ್ತಿಸಿಕೊಳ್ಳಬೇಕಾದರೂ ಅದನ್ನೇ ಕೇಳುತ್ತಾರೆ. ಫೋನಿನಲ್ಲೂ ಆ ಕಾರ್ಡು ಇಟ್ಟುಕೊಳ್ಳಬಹುದು, ಆದರೆ ಅವಳದು ತೊಟ್ಟಿ ಪಾಲಾಯಿತಲ್ಲ. ಹೊಸ ಫೋನಿಗೆ ಹಾಕಿಕೊಳ್ಳಬೇಕೆಂದರೂ ಮೊದಲು ಈ ಕಾರ್ಡೇ ಕೈಯಲ್ಲಿರಬೇಕು.

ಹೇಳುತ್ತಾ ಹೇಳುತ್ತಾ ಅವಳ ಮುಖ ಅರಳಿತ್ತು. ಕೇಳುತ್ತಾ ಕೇಳುತ್ತಾ ಅವನ ಮುಖ ಬಾಡಿತ್ತು. ಅವಳು ಗಮನಿಸಲಿಲ್ಲ.

"ಹಂಗಾರೆ ನಮ್ ಹುಡ್ಗಿ ಕಿವಿ ಕೊಯ್ದವ್ರೆ ಅನ್ನು," ಎಂದಳು ಈರಕ್ಕ. ರಂಗಪ್ಪ ನಕ್ಕ. ರೋಜಾಳೂ ನಕ್ಕಳು. ಓಬಳೇಶ್ ನಗಲಿಲ್ಲ.

ಸರ್ಕಾರದ ಓಲೆ ನಿನ್ನೆ ಮೊನ್ನೆಯದು. ಅದಕ್ಕಿಂತ ಮುಂಚಿನಿಂದ ಕುರಿಗಾರರಲ್ಲಿ ಒಂದು ಪದ್ಧತಿಯುಂಟು. ಕುರಿಯ ಕಿವಿಯಂಚನ್ನು ಒಂದೊಂದು ಮನೆಯವರು ಒಂದೊಂದು ರೀತಿ ಕೊಯ್ದು ತಮ್ಮ ಗುರುತು ಮಾಡುತ್ತಾರೆ. ಬೇರೆ ಮಂದೆಯವರ ಗುರುತು ಬಿದ್ದ ಕುರಿ ಅವರದು. ಅದನ್ನು ಕೊಡಿ ಎಂದು ಕೇಳುವುದು ಓಬಳೇಶನ ಮನೆಯಲ್ಲಿ ಮರ್ಯಾದೆಗೇಡು. ಹಾಗೆಂದು ಕೇಳಿಯೇ ಬೆಳೆದವನು ಅವನು.

ಅವತ್ತಿನಿಂದ ಅವನು ಆ ಕಡೆ ಸುಳಿಯಲಿಲ್ಲ.

ಹಿರಿಯೂರಿನಿಂದ ಅವನ ತಾಯಿ ಹೆಣ್ಣು ನೋಡಲು ಬರುತ್ತೇವೆಂದು ಆಗಲೇ ರಂಗಪ್ಪನಿಗೆ ಹೇಳಿ ಕಳಿಸಿದ್ದರು. ಆ ಮಾತೂ ನಿಂತುಹೋಯಿತು. ಸದ್ಯಕ್ಕೆ ಬೇಡವಂತೆ. ಯಾಕೆ ಎಂದು ಯಾರೂ ಬಿಡಿಸಿ ಹೇಳಲಿಲ್ಲ.

ರೋಜಾ ಯಾರ ಮುಂದೆಯೂ ಅಳಲಿಲ್ಲ. ಹೊರದೇಶದಲ್ಲಿ ದುಡಿಯುವ ಹುಡುಗಿಯೆಂದರೆ ಎಲ್ಲರಿಗೂ ಒಂದು ಅನುಮಾನ, ಇವನೂ ಅದೇ ಜಾತಿಯವನು ಎಂದುಕೊಂಡಳು. ಹಾಗೆ ಅಂದುಕೊಂಡ ಮರುಕ್ಷಣ ಕುರಿಯ ಕಿವಿ ಉಜ್ಜುತ್ತಿದ್ದ ಆ ಹೆಬ್ಬೆರಳು ನೆನಪಾಗುತ್ತಿತ್ತು. ಅಂಥವನು ಹೀಗೆ ಮಾಡುತ್ತಾನೆಯೇ?

ಬೈಕಿನ ಸದ್ದಿಗೆ ಬಾಗಿಲಿಗೆ ಹೋಗುವುದನ್ನು ಮಾತ್ರ ಅವಳ ಕಾಲು ಬಿಡಲಿಲ್ಲ.

ಹೊರಡುವ ದಿನ ಬಂತು. ಬೆಳಗಿನಿಂದ ಈರಕ್ಕನ ನಡವಳಿಕೆ ವಿಚಿತ್ರವಾಗಿತ್ತು. ಪ್ರತಿ ಸಲ ಸೆರಗಲ್ಲಿ ಮುಖ ಮುಚ್ಚಿ ಅಳುತ್ತಿದ್ದವಳು ಈ ಸಲ ಒಂದು ಹನಿ ಕಣ್ಣೀರೂ ಹಾಕಲಿಲ್ಲ. ಮೊಮ್ಮಗಳ ತಲೆ ಸವರಿ, ಸಂಜೆಗೆ ಏನು ಸಾರು ಮಾಡಲಿ ಎಂದು ಕೇಳಿದಳು. ಅಜ್ಜಿಗೆ ಮರೆವು ಶುರುವಾಯಿತೇನೋ ಎಂದು ರೋಜಾ ಸಂಕಟಪಟ್ಟಳು.

ಅಪ್ಪ ಹೊಳಲ್ಕೆರೆಯಲ್ಲಿ ಬಸ್ಸು ಹತ್ತಿಸಿ ಮಂದೆಯ ಕಡೆಗೆ ಹೋದ. ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಇಳಿದು ಬೆಂಗಳೂರಿನ ಬಸ್ಸಿಗೆ ಕಾಯುತ್ತಾ, ರೋಜಾ ಪಾಸ್‌ಪೋರ್ಟು, ಟಿಕೆಟ್ಟು ಒಮ್ಮೆ ನೋಡಿಕೊಂಡಳು. ಆಮೇಲೆ ಪರ್ಸಿನ ಒಳಜೇಬಿಗೆ ಕೈ ಹಾಕಿದಳು.

ಕಾರ್ಡು ಬಂತು. ಆದರೆ ಅದರಲ್ಲಿದ್ದದ್ದು ಅವಳ ಮುಖವಲ್ಲ.

ಈರಕ್ಕನ ಮುಖ. ಮಾಸಿದ ಓಟಿನ ಕಾರ್ಡು. ಅಜ್ಜಿ ಕ್ಯಾಮೆರಾ ಕಂಡು ಗಾಬರಿಯಾದಂತೆ ಕಣ್ಣರಳಿಸಿ ನೋಡುತ್ತಿದ್ದಳು.

ರೋಜಾ ಅಲ್ಲೇ ಕಲ್ಲು ಬೆಂಚಿನ ಮೇಲೆ ಕೂತಳು. ಎಲ್ಲ ಅರ್ಥವಾಯಿತು. ಆ ದೇಶದ ಗುರುತು ತೆಗೆದು ಅಜ್ಜಿ ತನ್ನ ಗುರುತು ಇಟ್ಟಿದ್ದಾಳೆ! ಬೈಯಲು ಬಾಯಿ ಬರಲಿಲ್ಲ. ಅಜ್ಜಿಯ ಆ ಗಾಬರಿಯ ಮುಖವನ್ನು ಎದೆಗೊತ್ತಿಕೊಂಡಾಗ, ಇಷ್ಟು ದಿನ ತಡೆದಿಟ್ಟಿದ್ದ ಅಳುವೆಲ್ಲ ಒಟ್ಟಿಗೆ ಬಂತು.

ವಾಪಸ್ ಊರಿಗೆ ಹೋಗಿ ಕಾರ್ಡು ಹುಡುಕಿ ತರುವಷ್ಟರಲ್ಲಿ ವಿಮಾನ ಹೋಗಿರುತ್ತದೆ. ರಜೆ ನಾಳೆಗೆ ಮುಗಿಯುತ್ತದೆ. ಹೇಳಿದ ದಿನಕ್ಕೆ ಹೋಗದಿದ್ದರೆ ಕೆಲಸ ಉಳಿಯುವ ನಂಬಿಕೆಯಿಲ್ಲ.

"ರೋಜಾ ಅವ್ರೇ..."

ಕಣ್ಣೊರೆಸಿಕೊಂಡು ನೋಡಿದಳು. ಓಬಳೇಶ್. ಮೈಯೆಲ್ಲ ಧೂಳು, ಹೆಲ್ಮೆಟ್ಟು ಕಂಕುಳಲ್ಲಿ, ಓಡಿ ಬಂದ ಏದುಸಿರು. ಅಂಗಿಯ ಜೇಬಿನಿಂದ ಕಾರ್ಡು ತೆಗೆದು ಎರಡೂ ಕೈಯಲ್ಲಿ ಹಿಡಿದು ಚಾಚಿದ.

ನಡೆದದ್ದನ್ನು ಅವನು ತಡವರಿಸುತ್ತಾ ಹೇಳಿದ. ಅವಳು ಊರು ದಾಟುತ್ತಲೇ ಈರಕ್ಕ ಅಕ್ಕಪಕ್ಕದವರಿಂದ ಫೋನು ಮಾಡಿಸಿ ಅವನನ್ನು ಕರೆಸಿಕೊಂಡಿದ್ದಳು. ಕಾರ್ಡನ್ನು ಅವನ ಕೈಗಿಟ್ಟು, "ಅವತ್ತು ಕಟ್ಟೆ ಮೇಲೆ ನಿನ್ ಮುಖ ನೋಡಿದ್ದೆ ಕಣಪ್ಪ. ಕುರಿ ಕಿವೀಲಿದ್ದಿದ್ರೆ ಏನೂ ಮಾಡಂಗಿರ್ಲಿಲ್ಲ. ಈ ಗುರುತು ಪರ್ಸಲ್ಲಿತ್ತು, ತೆಗ್ದೀನಿ. ಇನ್ನು ಅವಳು ನಮ್ಮೋಳು. ಹೋಗಿ ಕರ್ಕಂಡು ಬಾ, ಮದ್ವೆ ಮಾಡ್ಕ," ಎಂದಿದ್ದಳು.

"ಕರ್ಕಂಡು ಹೋಗಕ್ಕೆ ಬಂದ್ರಾ?" ಎಂದು ಕೇಳಿದಳು ರೋಜಾ.

"ಇಲ್ಲ. ಕೊಟ್ಟು ಹೋಗಕ್ಕೆ ಬಂದೆ."

"ಯಾಕೆ? ಕೊಡದೆ ಇದ್ದಿದ್ರೆ ನಾನು ಇಲ್ಲೇ ಇರ್ತಿದ್ದೆ."

ಅವನು ಹೆಲ್ಮೆಟ್ಟನ್ನು ಬೆಂಚಿನ ಮೇಲಿಟ್ಟ. ಸುತ್ತ ಬಸ್ಸುಗಳ ಹಾರನ್ನು, ಕಂಡಕ್ಟರುಗಳ ಕೂಗು. ಅವಳಿಗೆ ಅವನ ಉಸಿರು ಮಾತ್ರ ಕೇಳುತ್ತಿತ್ತು.

"ದಾರೀಲಿ ನಂಗೂ ಆಸೆ ಆಯ್ತು ರೋಜಾ. ಸುಳ್ಳು ಹೇಳಲ್ಲ. ಗಾಡಿ ನಿಲ್ಸಿ ಕಾರ್ಡು ನೋಡ್ತಾ ಕುಂತೆ. ಅವತ್ತು ನೀವು ಇದ್ರ ಬಗ್ಗೆ ಹೇಳುವಾಗ ಮುಖ ಹೆಂಗಿತ್ತು ಅಂತ ನೆನಪಾಯ್ತು. ಅಷ್ಟು ಇಷ್ಟ ಪಟ್ಟಿರೋದನ್ನ ಕಿತ್ಕಂಡು ನಿಮ್ಮನ್ನ ಮನೇಲಿ ಇಟ್ಕಳದು... ನನ್ ಕೈಲಿ ಆಗಲ್ಲ. ನಿಮಗೆ ಆ ದೇಶದ ಗುರುತು ಬಿದ್ದೈತೆ. ಕೇಳಬಾರದು ಅಂತ ಸುಮ್ಮನಾದೆ."

ರೋಜಾ ಅವನನ್ನೇ ನೋಡಿದಳು. ಇದಕ್ಕಾ? ಇಷ್ಟಕ್ಕಾ ಅವನು ಬರದೆ ಹೋಗಿದ್ದು? ಅನುಮಾನವಲ್ಲ, ತಾತ್ಸಾರವಲ್ಲ... ಮರ್ಯಾದೆ! ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ನಮ್ಮ ಟಗರಿಗೆ ಓಲೆ ಹಾಕಿದ್ದು ಯಾರ್ರಿ?"

"ನಾನು."

"ಅವತ್ತಿಂದ ಅದು ನಿಮ್ದಾಯ್ತಾ?"

"ಇಲ್ಲ... ನಿಮ್ಮಪ್ಪಂದೇ."

"ಇದೂ ಹಂಗೇ. ಇದು ಕಿವಿ ಕೊಯ್ದಿದ್ದಲ್ಲ, ಓಲೆ. ಇಲ್ಲಿ ನೋಡ್ರಿ, ಮುಗಿಯೋ ತಾರೀಕು ಬೇರೆ ಬರ್ದವ್ರೆ."

ಕಾರ್ಡಿನ ಮೇಲೆ ಅವಳ ಬೆರಳಿದ್ದ ಜಾಗವನ್ನು ಅವನು ಬಗ್ಗಿ ನೋಡಿದ. ಬರುವ ವರ್ಷದ ತಾರೀಕು. ಅವನು ಅದನ್ನು ಓದಿದ, ಮತ್ತೊಮ್ಮೆ ಓದಿದ.

ಆಗ ರೋಜಾ ಅವತ್ತು ಕಟ್ಟೆಯ ಮೇಲೆ ಹೇಳದೆ ಉಳಿಸಿಕೊಂಡಿದ್ದನ್ನು ಹೇಳಿದಳು. ಆ ದೇಶಕ್ಕೆ ಹೋದ ಹೊಸತರಲ್ಲಿ ಕಾರ್ಡು ಕೈಗೆ ಬಂದಿರಲಿಲ್ಲ. ಊರಿಗೆ ಮಾತಾಡಬೇಕೆಂದರೆ ಜೊತೆಯವರ ಫೋನಿಗೆ ಕೈಯೊಡ್ಡಬೇಕು. ಒಮ್ಮೆ ಚಳಿಜ್ವರ ಬಂದು ಮಲಗಿದಾಗ, ನರ್ಸಾಗಿಯೂ ತನ್ನ ಹೆಸರಲ್ಲಿ ಒಂದು ಚೀಟಿ ಮಾಡಿಸಲಾಗದೆ ಒದ್ದಾಡಿದ್ದಳು. ಅಷ್ಟು ದೊಡ್ಡ ಊರಿನಲ್ಲಿ ತಾನು ಯಾರೂ ಅಲ್ಲ ಅನ್ನಿಸಿ, ದಿಂಬಿಗೆ ಮುಖವೊತ್ತಿ ಅತ್ತಿದ್ದಳು. ಆಮೇಲೆ ಕಾರ್ಡು ಬಂತು.

"ಮೊದ್ಲು ಏನ್ ಮಾಡ್ದೆ ಗೊತ್ತಾ? ನನ್ ಹೆಸ್ರಲ್ಲಿ ಸಿಮ್ ತಗಂಡೆ. ಮೊದಲ್ನೇ ಫೋನು ಅಜ್ಜಿಗೆ. ಅಜ್ಜಿ ಏನೂ ಮಾತಾಡ್ಲಿಲ್ಲ, ಫೋನು ರೊಪ್ಪದ ಕಡೆ ಹಿಡಿದ್ಲು. ಕುರಿ ಕೂಗೋದು ಕೇಳ್ತು. ಅದಕ್ಕೆ ನಂಗೆ ಈ ಕಾರ್ಡು ಅಂದ್ರೆ ಅಷ್ಟು ಅಭಿಮಾನ. ನನ್ನ ಅಲ್ಲಿ ಕಟ್ಟಾಕಿದ್ದಕ್ಕಲ್ಲ, ಊರನ್ನ ನನ್ ಕೈಗೆ ಕೊಟ್ಟಿದ್ದಕ್ಕೆ."

ಓಬಳೇಶನ ಕಣ್ಣು ತುಂಬಿತು. ಅದನ್ನು ಮುಚ್ಚಿಡಲೂ ಇಲ್ಲ.

"ನಮ್ಮ ಕುರಿ ಮುಂದೆ ಕುಂತು ನೀವೇ ಹೇಳಿದ್ರಲ್ಲ, ತಪ್ಪಿಸ್ಕಂಡ್ರೂ ಮನೆಗೆ ತಂದು ಬಿಡ್ತಾರೆ ಅಂತ. ಕುರಿಗೆ ಹೇಳಿದ್ದು ನನ್ ವಿಷಯಕ್ಕೆ ಮರ್ತುಬಿಟ್ರಾ?"

"ಮರ್ತೆ," ಎಂದ ಅವನು. "ಭಯ ಆಗಿತ್ತು, ಅದಕ್ಕೆ ಮರ್ತೆ. ರೋಜಾ... ನೀವು ಅಂದ್ರೆ ನಂಗೆ ಜೀವ. ತೊಟ್ಟಿ ಒಳಗೆ ಕೈ ಹಾಕಿದ್ನಲ್ಲ, ಆ ದಿನದಿಂದ."

ಕೇಳಬೇಕೆಂದು ಎಷ್ಟೋ ದಿನದಿಂದ ಕಾದಿದ್ದ ಮಾತು. ರೋಜಾ ತಲೆ ತಗ್ಗಿಸಿದಳು. ಕಿವಿಯವರೆಗೂ ಕೆಂಪಾಗಿದ್ದಳು.

"ನಮ್ಮವ್ವನ್ನ ನಿಮ್ಮನೆಗೆ ಕಳಿಸ್ಲಾ?"

"ಕಳಿಸ್ರಿ. ಆದ್ರೆ ಈ ತಾರೀಕಿನ ತಂಕ ನಾನು ದುಡಿಬೇಕು. ಆಮೇಲೆ ಕಾರ್ಡು ಮತ್ತೆ ಮಾಡ್ಸದಾ ಬಿಡದಾ, ಇಬ್ರೂ ಕುಂತು ಮಾತಾಡಾಣ."

"ಮಾಡ್ಸಬೇಕು ಅನ್ಸಿದ್ರೆ ಮಾಡ್ಸ್ರಿ. ನಿಮ್ಮನ್ನ ಅಲ್ಲಿ ಹುಷಾರಾಗಿ ನೋಡ್ಕಂಡೈತಲ್ಲ, ಅದನ್ನ ಕಂಡ್ರೆ ನಂಗೂ ಈಗ ಗೌರವನೇ."

ಬೆಂಗಳೂರಿನ ಬಸ್ಸು ಬಂತು. ಅವನು ಅವಳ ಚೀಲ ಎತ್ತಿ ಮೇಲಿಟ್ಟು ಇಳಿದು ಕಿಟಕಿಯ ಹತ್ತಿರ ನಿಂತ. ರೋಜಾ ಸಿವಿಲ್ ಐಡಿಯನ್ನು ಪರ್ಸಿನ ಒಳಜೇಬಿಗೆ ಸೇರಿಸಿದಳು. ಅಜ್ಜಿಯ ಓಟಿನ ಕಾರ್ಡನ್ನು ಕಿಟಕಿಯಿಂದ ಅವನಿಗೆ ಕೊಟ್ಟಳು. ಕೊಡುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಕೈ ಹಿಂದೆಗೆಯಲಿಲ್ಲ.

"ಅಜ್ಜಿಗೆ ಕೊಡ್ರಿ. ಬೈಬೇಡ್ರಿ ಪಾಪ. ಸಂಜೆ ಸಾರು ಮಾಡಿರ್ತಾಳೆ, ನನ್ ಬದ್ಲು ನೀವು ಉಂಡು ಹೋಗ್ರಿ."

ಅವನು ತಲೆಯಾಡಿಸಿದ. ಬಸ್ಸು ಗುರ್ರೆಂದಿತು.

"ಇಳಿದ ತಕ್ಷಣ ಫೋನ್ ಮಾಡ್ತೀರಾ?"

"ಮಾಡ್ತೀನಿ. ಮೊದಲ್ನೇ ಫೋನು ಅಜ್ಜಿಗೆ."

"ಎರಡ್ನೇದು?" ಬಸ್ಸಿನ ಪಕ್ಕದಲ್ಲೇ ನಡೆಯುತ್ತಾ ಅವನು ಕೇಳಿದ.

ರೋಜಾ ಕಿಟಕಿಯಿಂದ ಮುಖ ಹೊರಗೆ ಹಾಕಿ ನಕ್ಕಳು.

"ಎರಡ್ನೇದು ಯಾಕೆ? ನೀವು ಅಜ್ಜಿ ಪಕ್ಕದಲ್ಲೇ ಕುಂತಿರ್ರಿ."